ಶರತ್ಕಾಲದ ಗಾಳವೂ ಮಾನಸೋಲ್ಲಾಸದ ಮತ್ಸ್ಯವಿನೋದವೂ

ಗಾಳ ಹಾಕಿ ಮೀನು ಹಿಡಿಯುವುದು ಹೊಟ್ಟೆಯ ಪಾಡಿನ ಕೆಲಸವೆಂದೇ ನಮ್ಮಲ್ಲಿ ಎಣಿಕೆ. ಅದನ್ನು ವಿನೋದವಾಗಿ ನಡೆಯಿಸುವ ಪದ್ಧತಿಯು ಪಶ್ಚಿಮ ದೇಶಗಳಿಂದ ಬಂದುದೆಂಬ ಭಾವನೆಯೂ ವಿದ್ಯಾವಂತರಲ್ಲಿ ಬೇರೂರಿದೆ. ಆದರೆ ಕಲ್ಯಾಣದ ಚಾಳುಕ್ಯ ಚಕ್ರವರ್ತಿಯಾದ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದ ಪೂರ್ವಾರ್ಧದಲ್ಲಿ ರಚಿಸಿದ ‘ಮಾನಸೋಲ್ಲಾಸ’ವನ್ನು ತೆರೆದು ನೋಡಿದವರಿಗೆ ಈ ಭಾವನೆಯು ಸರಿಯಲ್ಲವೆಂಬುದು ಕೂಡಲೇ ವಿದಿತವಾಗುವುದು. ‘ಅಭಿಲಷಿತಾರ್ಥಚಿಂತಾಮಣಿ’ ಎಂಬ ಹೆಸರೂ ಉಳ್ಳ ಈ ಗ್ರಂಥವು ಐದು ವಿಂಶತಿಗಳಾಗಿ, ಒಂದೊಂದು ವಿಂಶತಿಯಲ್ಲಿ ಇಪ್ಪತ್ತು ಅಧ್ಯಾಯಗಳಂತೆ ನೂರು ಅಧ್ಯಾಯಗಳಾಗಿ ವಿಭಕ್ತವಾಗಿದೆ. ಅರಸನ ವಿನೋದಗಳನ್ನು ಹೇಳುವ ನಾಲ್ಕನೆಯ ವಿಂಶತಿಯಲ್ಲಿ ಮತ್ಸ್ಯವಿನೋದಕ್ಕೆ ಪ್ರತ್ಯೇಕ ಸ್ಥಾನವು ದೊರೆತಿದೆ.

ಈ ಪ್ರಕರಣದಲ್ಲಿ ಮೂವತ್ತಕ್ಕೂ ಹೆಚ್ಚು ಬಗೆಯ ಮೀನುಗಳು ನಿರ್ದಿಷ್ಟವಾಗಿವೆ. ಗ್ರಂಥಕಾರನು ಅವುಗಳನ್ನು ಸಮುದ್ರದವು, ನದಿಯವು ಎಂದೂ, ಹುರುಪೆಯುಳ್ಳವು, ಹುರುಪೆಯಿಲ್ಲದವು ಎಂದೂ, ಗಾತ್ರದಿಂದ ದೊಡ್ಡವು, ನಡುತರದವು, ಸಣ್ಣವು ಎಂದೂ ವಿಂಗಡಿಸುತ್ತಾನೆ. ಬಳಿಕ ಯಾವ ಮೀನಿಗೆ ಯಾವ ಆಹಾರವು ಪ್ರಿಯವೆಂಬುದನ್ನೂ, ದಾರ, ಕೋಲು, ಗಾಳಗಳ ವಿಚಾರವನ್ನೂ ಹೇಳುತ್ತಾನೆ. ಕೇವಲ ಕೇಳಿಕೆಯಿಂದ ಬರೆದ ಬರಹ ಇದಲ್ಲ; ನೀರಿನ ದಡದಲ್ಲಿ ಕುಳಿತು ಕಂಡವರ ಅನುಭವವು ಇದರ ಹಿಂದೆ ಇದೆ. ಮತ್ಸ್ಯಶಾಸ್ತ್ರಜ್ಞರಾದ ಸುಂದರಲಾಲ್ ಹೋರಾ ಅವರು 1951ರಲ್ಲಿ ಈ ಅಧ್ಯಾಯವನ್ನು ಪ್ರಾಣಿಶಾಸ್ತ್ರದ ದೃಷ್ಟಿಯಿಂದ ವಿಮರ್ಶಿಸಿ, ಅದರ ಮಹತ್ತ್ವವನ್ನು ವಿದ್ವಲ್ಲೋಕಕ್ಕೆ ತೋರಿಸಿಕೊಟ್ಟರು. ಆದರೂ ಮೀನಿನ ಹೆಸರುಗಳಲ್ಲಿ ಹಲವು ಇನ್ನೂ ವಿವಾದಾಸ್ಪದವಾಗಿಯೇ ಉಳಿದಿವೆ. ಇದಕ್ಕೆ ಕಾರಣವೇನೆಂಬುದು ಇಲ್ಲಿ ವಿಚಾರಾರ್ಹವಾದ ವಿಷಯ.

ಗ್ರಂಥದ ಭಾಷೆ ಸಂಸ್ಕೃತವಾದುದರಿಂದ ಹೆಸರುಗಳ ಅರ್ಥವನ್ನು ಸಂಸ್ಕೃತ ಕೋಶಗಳಲ್ಲಿ ಹುಡುಕುವುದು ಸಹಜವೇ. ಕೆಲವೆಡೆ ಅದು ಫಲಿಸುತ್ತದೆ. ಉದಾಹರಣೆಗೆ, ‘ಪಾಠೀನ’ಕ್ಕೆ ಅಮರಕೋಶವು ‘ಸಹಸ್ರದಂಷ್ಟ್ರ’ವೆಂಬ ಪರ್ಯಾಯವನ್ನು ಕೊಡುತ್ತದೆ. ಅಗಲವಾದ ಬಾಯಿ, ಬಾಯ ತುಂಬ ಒತ್ತಾದ ಸಣ್ಣ ಹಲ್ಲುಗಳು, ಹುರುಪೆಯಿಲ್ಲದ ನುಣುಪಾದ ಮೈ ಇವುಳ್ಳ ‘ಬಾಳೆ’ ಎಂಬ ಮೀನನ್ನು ತುಂಗಭದ್ರೆಯಲ್ಲಿ ಕಂಡವರಿಗೆ ಆ ಪರ್ಯಾಯದ ಔಚಿತ್ಯವು ತಾನಾಗಿ ತಿಳಿಯುವುದು. ಆದರೆ ‘ಸೋರ’ ಎಂಬಂಥ ಹೆಸರಿಗೆ ಸಂಸ್ಕೃತ ಕೋಶವು ನೆರವಾಗಲಾರದು. ತಮಿಳಿನ ‘ಸುರಾ’, ತೆಲುಗಿನ ‘ಸೊರ’ ಎಂಬ ಶಾರ್ಕ್ ಮೀನಿನ ಹೆಸರುಗಳೊಡನೆ ಹೋಲಿಸಿದಾಗಲೇ ಅದರ ಮೂಲವು ಗೋಚರವಾಗುವುದು. ಅರಸನು ಬರೆದುದು ಸಂಸ್ಕೃತದಲ್ಲಾದರೂ ಮೀನಿನ ಹೆಸರುಗಳನ್ನು ಅವನಿಗೆ ಒದಗಿಸಿದವರು ದೇಶಭಾಷೆಯನ್ನಾಡುವ ಬೆಸ್ತರೆಂಬುದು ಇದರಿಂದ ಊಹ್ಯವಾಗುತ್ತದೆ. ಸಂಸ್ಕೃತದ ‘ಮೀನ’ ಶಬ್ದವೇ ದ್ರಾವಿಡ ಮೂಲದ್ದೆಂಬುದು ಭಾಷಾಶಾಸ್ತ್ರಜ್ಞರಲ್ಲಿ ಬಹುಜನರ ಮತವಾಗಿರುವುದನ್ನೂ ಇಲ್ಲಿ ನೆನೆಯಬಹುದು.

ಹೀಗಿರುವಾಗ ಗ್ರಂಥದ ಅರ್ಥನಿರ್ಣಯಕ್ಕೆ ಕೋಶದಷ್ಟೇ ಕೆರೆಯೂ ಹೊಳೆಯೂ ಆಧಾರಗಳು. ಚಾಳುಕ್ಯರ ಮಾಂಡಲಿಕರಾದ ಉಚ್ಚಂಗಿಯ ಪಾಂಡ್ಯರು ಆಳಿದ ಇಂದಿನ ದಾವಣಗೆರೆಯ ಸೀಮೆಯು ಇಂಥ ಪರೀಕ್ಷೆಗೆ ತಕ್ಕ ಕ್ಷೇತ್ರ. ಚನ್ನಗಿರಿ ತಾಲ್ಲೂಕಿನಲ್ಲಿರುವ ಸೂಳೆಕೆರೆಯು, ಅಂದರೆ ಶಾಂತಿಸಾಗರವು, ಸುಮಾರು 6,550 ಎಕರೆ ನೀರಿನ ಹರವುಳ್ಳದ್ದು. ಎರಡು ಗುಡ್ಡಗಳ ನಡುವಿನ ಕಿರಿದಾದ ಕಣಿವೆಗೆ ಅಡ್ಡಲಾಗಿ ಸುಮಾರು 950 ಅಡಿ ಉದ್ದದ ಏರಿಯನ್ನು ಕಟ್ಟಿ ಇಷ್ಟು ನೀರನ್ನು ನಿಲ್ಲಿಸಿದ ಪ್ರಾಚೀನರ ಸ್ಥಳಜ್ಞಾನವು ಬೆರಗನ್ನುಂಟುಮಾಡುವಂಥದು. ಶಾಂತವ್ವೆಯೆಂಬ ರಾಜಪುತ್ರಿಯು ಇದನ್ನು ಕಟ್ಟಿಸಿದಳೆಂದು ಐತಿಹ್ಯ. ಸಿದ್ಧನಾಲೆ, ಬಸವನಾಲೆ ಎಂಬ ಎರಡು ನಾಲೆಗಳು ಇದರಿಂದ ಹೊರಡುತ್ತವೆ. ಇದರ ಹಳ್ಳವಾದ ಹರಿದ್ರೆಯು ಉತ್ತರಕ್ಕೆ ಹರಿದು ಹರಿಹರದ ಬಳಿ ತುಂಗಭದ್ರೆಯನ್ನು ಸೇರುತ್ತದೆ. ಆದುದರಿಂದ ಸೂಳೆಕೆರೆಯ ನಿಂತ ನೀರೂ ಹರಿಹರದ ಹರಿಯುವ ನೀರೂ ಒಂದೇ ಜಲಸೂತ್ರದ ಎರಡು ತುದಿಗಳು. ಹೊಯ್ಸಳ ದಂಡನಾಯಕನಾದ ಪೋಲಾಳ್ವನು 1224ರ ಸುಮಾರಿನಲ್ಲಿ ಹರಿಹರೇಶ್ವರ ದೇವಾಲಯವನ್ನು ಕಟ್ಟಿಸಿದುದು ಈ ಸಂಗಮದ ಸೀಮೆಯಲ್ಲಿಯೇ.

ಮುಂಗಾರಿನ ಹೊಸ ನೀರು ಬಂದೊಡನೆ ಮೀನುಗಳು ಪ್ರವಾಹಕ್ಕೆ ಎದುರಾಗಿ ಏರಿ ಮೊಟ್ಟೆಯಿಡುತ್ತವೆ; ಮಲೆನಾಡಿನವರು ಇವನ್ನೇ ‘ಹತ್ತುಮೀನು’ ಎನ್ನುವರು. ಆಗ ನೀರು ಕೆಂಪಾಗಿ ಕದಡಿರುವುದರಿಂದ ಗಾಳಕ್ಕೆ ಅದು ಕಾಲವಲ್ಲ. ಆಶ್ವಯುಜ ಕಾರ್ತಿಕಗಳಲ್ಲಿ ಮಳೆ ಹಿಂದೆಗೆದು, ಕದಡು ತಳಕ್ಕಿಳಿದು, ಕೆರೆಯು ತುಂಬಿ ತಿಳಿಯಾಗುತ್ತದೆ. ನೀರಿನ ಬಿಸುಪು ಇನ್ನೂ ಆರಿರುವುದಿಲ್ಲವಾದ ಕಾರಣ ಮೀನಿನ ಹಸಿವೂ ತಗ್ಗಿರುವುದಿಲ್ಲ. ದಡದ ಜೊಂಡಿನ ನಡುವೆ ಹೊಂಚುಹಾಕಿ ಸಣ್ಣ ಮೀನನ್ನೂ ಕಪ್ಪೆಯನ್ನೂ ನುಂಗುವ ‘ಕೊರವ’ನಿಗೆ ಇದು ಬೇಟೆಯ ಸಮಯ. ಕವಿಗಳು ಶರದೃತುವಿನಲ್ಲಿ ಕೊಂಡಾಡುವ ತಿಳಿನೀರು ಗಾಳಗಾರನಿಗೆ ಒಂದು ಅನುಕೂಲವನ್ನೂ ಒಂದು ತೊಡಕನ್ನೂ ತರುತ್ತದೆ. ಮೀನಿಗೆ ಎರೆಯು ಕಾಣುವಂತೆಯೇ ಎರೆ ಹಾಕುವವನ ನೆರಳೂ ಕಾಣುತ್ತದೆ.

ಗಾಳದ ಕ್ರಮವು ಸರಳವಾದುದು. ಬಿದಿರಿನ ಕೋಲು, ದಾರ, ದಾರದ ನಡುವೆ ತೇಲುವ ಬೆಂಡು, ತುದಿಯಲ್ಲಿ ಎರೆಹುಳುವನ್ನು ಸಿಕ್ಕಿಸಿದ ಕೊಕ್ಕೆ: ಇವಿಷ್ಟೇ ಸಾಮಗ್ರಿ. ಬೆಂಡು ನಡುಗಿದರೆ ಮೀನು ಮೂಸಿತೆಂದೂ ಮುಳುಗಿದರೆ ಕಚ್ಚಿತೆಂದೂ ತಿಳಿಯಬೇಕು. ದೊಡ್ಡ ಮೀನನ್ನು ಒಮ್ಮೆಗೇ ಎಳೆದರೆ ದಾರವು ಹರಿಯುವುದು. ಅದು ಓಡಿದಾಗ ಸಡಿಲಬಿಟ್ಟು, ದಣಿದಾಗ ಎಳೆದುಕೊಳ್ಳಬೇಕು. ಮೀನಿಗೆ ಒಂದು ನಿಯತ ಸ್ಥಳದಲ್ಲಿ ಮೊದಲು ಆಹಾರವನ್ನು ಹಾಕಿ ರೂಢಿಮಾಡಿಸಿ, ಆಮೇಲೆ ಗಾಳವನ್ನಿಳಿಸುವ ಉಪಾಯಕ್ಕೂ ಮಾನಸೋಲ್ಲಾಸದ ಆಹಾರವಿಧಿಗೂ ಇರುವ ಸಂಬಂಧವು ಸ್ಪಷ್ಟವಾಗಿದೆ. ‘ಗಾಳ ಹಾಕು’ ಎಂಬ ಮಾತಿಗೆ ಕನ್ನಡದಲ್ಲಿ ಆಸೆ ತೋರಿಸಿ ಒಳಗೆ ಹಾಕಿಕೊಳ್ಳುವುದೆಂಬ ಅರ್ಥವು ರೂಢವಾದುದು ಈ ಅನುಭವದಿಂದಲೇ.

ಆದರೆ ಈ ಸಾಕ್ಷ್ಯವು ಶಾಶ್ವತವಾಗಿ ಉಳಿಯುವಂಥದಲ್ಲ. ಉತ್ತರದ ನದಿಗಳ ಕಟ್ಲಾ, ರೋಹು, ಮೃಗಾಲ್ ಮರಿಗಳನ್ನು ಕೆರೆಗಳಿಗೆ ಬಿಟ್ಟು ಬೆಳೆಸುವುದು ಇಂದು ನಾಡಿನಲ್ಲೆಲ್ಲ ವಾಡಿಕೆ. 1952ರಲ್ಲಿ ಹೊರದೇಶದಿಂದ ಭಾರತಕ್ಕೆ ಬಂದ ತಿಲಾಪಿಯವೂ ಹಲವು ಕೆರೆಗಳಲ್ಲಿ ನೆಲೆಯೂರಿದೆ. ಇವುಗಳಿಂದ ಬೆಸ್ತರಿಗೆ ಆದಾಯವಿರುವುದು ನಿಜ. ಅದನ್ನು ಆಕ್ಷೇಪಿಸುವುದು ಉಚಿತವಲ್ಲ. ಆದರೆ ನೀರಿನಿಂದ ಒಂದು ಮೀನು ಮರೆಯಾದಾಗ ಬಾಯಿಂದ ಅದರ ಹೆಸರೂ ಮರೆಯಾಗುವುದು. ಹಾಗೆಯೇ, ಇಂದು ಕೆರೆಯಲ್ಲಿ ರೋಹುವನ್ನು ಕಂಡ ಓದುಗನು ಪ್ರಾಚೀನ ಗ್ರಂಥಗಳ ‘ರೋಹಿತ’ವೂ ಎಲ್ಲೆಡೆ ಇದೇ ಎಂದು ನಿಶ್ಚಯಿಸಿಬಿಡುವ ಅಪಾಯವುಂಟು. ‘ಕೆಂಪನೆಯದು’ ಎಂಬಷ್ಟೇ ಅರ್ಥದ ಆ ಹೆಸರು ದಕ್ಷಿಣದಲ್ಲಿ ಬೇರೊಂದು ಮೀನಿಗೆ ಸಲ್ಲುತ್ತಿದ್ದಿರಬಹುದು.

ಹನ್ನೆರಡನೆಯ ಶತಮಾನವು ಕನ್ನಡಕ್ಕೆ ಅರಸನಾದ ಸೋಮೇಶ್ವರನನ್ನು ಕೊಟ್ಟಂತೆ ಅಂಬಿಗರ ಚೌಡಯ್ಯನನ್ನೂ ಕೊಟ್ಟಿತು. ಹರಿಗೋಲು ಹುಟ್ಟುಗಳ ನಡುವೆ ಬಾಳಿದವರ ಮಾತು ಸಾಹಿತ್ಯವಾಗಬಲ್ಲುದೆಂಬುದಕ್ಕೆ ಚೌಡಯ್ಯನೇ ನಿದರ್ಶನ. ಸೂಳೆಕೆರೆಯಿಂದ ಹರಿಹರದವರೆಗಿನ ಬೆಸ್ತರಲ್ಲಿ ಉಳಿದಿರುವ ಮೀನು, ಬಲೆ, ಗಾಳಗಳ ಶಬ್ದಗಳನ್ನು, ಮೀನಿನ ಚಿತ್ರ ಲಕ್ಷಣಗಳೊಡನೆ, ಊರೂರಿಗೆ ಸಂಗ್ರಹಿಸುವುದು ಆ ಸೀಮೆಯ ಅಧ್ಯಾಪಕರಿಂದಲೂ ವಿದ್ಯಾರ್ಥಿಗಳಿಂದಲೂ ಸಾಧ್ಯವಾದ ಕೆಲಸ. ಹಾಗೆ ಸಂಗ್ರಹವಾದ ಪಟ್ಟಿಯೇ ಮತ್ಸ್ಯವಿನೋದಕ್ಕೆ ನಿಜವಾದ ಟೀಕೆಯಾಗುವುದು.