ಚೆನ್ನಾಗಿದ್ದೀನಿ ಅನ್ನಿಸಿದ ಮೇಲೂ ಮಾತ್ರೆ ಯಾಕೆ?

ಕಳೆದ ಕೊಯ್ಲಿನ ಹೊತ್ತಿಗೆ ಮೂಡಿಗೆರೆಯ ಮನೆಗೆ ಹೋಗಿದ್ದೆ. ಪಕ್ಕದ ಎಸ್ಟೇಟಿನ ಲೈನ್ ಮನೆಯ ಅಕ್ಕ ಒಬ್ಬರು ಸಂಜೆ ಬಂದು, ಸೆರಗಿನ ಗಂಟು ಬಿಚ್ಚಿ ಮಾತ್ರೆಯ ಶೀಟ್ ತೋರಿಸಿದರು. ಡಾಕ್ಟರ್ ಖಿನ್ನತೆಗೆ ಅಂತ ಕೊಟ್ಟಿದ್ದು. "ಎರಡು ತಿಂಗಳಾಯ್ತು ತಮ್ಮಾ. ಈಗ ನಿದ್ದೆ ಬರ್ತದೆ, ಊಟ ಸೇರ್ತದೆ. ಇನ್ನೂ ಯಾಕೆ ನುಂಗೋದು? ಆಸ್ಪತ್ರೆಗೆ ಹೋದ್ರೆ ಒಂದು ದಿನದ ಕೂಲಿ ಹೋಗ್ತದೆ."

ಬುದ್ಧಿ ಹೇಳೋಕೆ ನನಗೆ ಮುಖವಿರಲಿಲ್ಲ. ಸಾಫ್ಟ್‌ವೇರ್ ಕೆಲಸ ಬಿಟ್ಟ ವರ್ಷ ನಾನೂ ಇಂಥದೇ ಮಾತ್ರೆಯನ್ನು ಮೂರನೇ ತಿಂಗಳಿಗೆ, ಯಾರಿಗೂ ಹೇಳದೆ ನಿಲ್ಲಿಸಿದ್ದೆ. ವಾರದೊಳಗೆ ತಲೆಸುತ್ತು, ತಲೆಯೊಳಗೆ ಕರೆಂಟ್ ಹೊಡೆದ ಹಾಗೆ. ಎರಡು ತಿಂಗಳಲ್ಲಿ ಮತ್ತೆ ಹಾಸಿಗೆ ಹಿಡಿದೆ. ಅಕ್ಕನ ಪ್ರಶ್ನೆಗೆ ಉತ್ತರ ಹುಡುಕುತ್ತಾ ಓದಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಿಲ್ಲದ ಮೋಟರ್

ತೋಟದಲ್ಲಿ ಆನೆ ಎದುರಾಯಿತು ಅಂದುಕೊಳ್ಳಿ. ಮೆದುಳಿನ ಹೈಪೊಥಲಾಮಸ್ ಒಂದು ರಾಸಾಯನಿಕ ಸಂದೇಶವನ್ನು ಅದರ ಕೆಳಗಿರುವ ಪಿಟ್ಯುಟರಿ ಗ್ರಂಥಿಗೆ ಕಳಿಸುತ್ತದೆ. ಪಿಟ್ಯುಟರಿ ರಕ್ತದ ಮೂಲಕ ಇನ್ನೊಂದು ಹಾರ್ಮೋನು ಕಳಿಸುತ್ತದೆ. ಕಿಡ್ನಿಗಳ ಮೇಲೆ ಕೂತಿರುವ ಅಡ್ರಿನಲ್ ಗ್ರಂಥಿಗಳು ಅದನ್ನು ಕೇಳಿ ಕಾರ್ಟಿಸಾಲ್ ಸುರಿಸುತ್ತವೆ. ರಕ್ತದಲ್ಲಿ ಸಕ್ಕರೆ ಏರುತ್ತದೆ, ದೇಹ ಓಡೋಕೆ ಸಿದ್ಧ. ಕಾರ್ಟಿಸಾಲ್ ನಮ್ಮ ಶತ್ರುವೇನಲ್ಲ. ದಿನಾ ಬೆಳಿಗ್ಗೆ ನಮ್ಮನ್ನು ಎಬ್ಬಿಸೋದರಲ್ಲೂ ಅದರ ಪಾಲಿದೆ.

ಆನೆ ಹೋದ ಮೇಲೆ ಇದೆಲ್ಲ ನಿಲ್ಲಬೇಕಲ್ಲ? ನಮ್ಮ ಮನೆಯ ಟ್ಯಾಂಕಿಗೆ ಹಳ್ಳದಿಂದ ನೀರೆತ್ತುವ ಮೋಟರ್ ಇದೆ. ಟ್ಯಾಂಕ್ ತುಂಬಿದಾಗ ಫ್ಲೋಟ್ ಮೇಲೆದ್ದು ಮೋಟರ್ ಆಫ್ ಮಾಡುತ್ತದೆ. ಮೆದುಳಲ್ಲೂ ಅಂಥ ಫ್ಲೋಟ್‌ಗಳಿವೆ. ಹಿಪೊಕ್ಯಾಂಪಸ್, ಹೈಪೊಥಲಾಮಸ್ ಮತ್ತು ಪಿಟ್ಯುಟರಿಯಲ್ಲಿರುವ ರಿಸೆಪ್ಟರ್‌ಗಳು ಕಾರ್ಟಿಸಾಲ್ ಮಟ್ಟವನ್ನು ಗ್ರಹಿಸಿ 'ಸಾಕು' ಅನ್ನುತ್ತವೆ.

ಆದರೆ ಒತ್ತಡ ಆನೆಯ ಥರ ಬಂದು ಹೋಗದೆ, ಸಾಲದ ಥರ ಮನೆಯಲ್ಲೇ ಕೂತರೆ? 2019ರ ಆಗಸ್ಟ್ ಮಳೆಗೆ ಮಲೆಮನೆ, ಮಧುಗುಂಡಿ ಕಡೆ ಗುಡ್ಡ ಜರಿದು ಮನೆ, ತೋಟ ಕಳೆದುಕೊಂಡವರಿಗೆ ಒತ್ತಡ ಮಳೆ ನಿಂತ ದಿನ ಮುಗಿಯಲಿಲ್ಲ. ಒತ್ತಡ ತಿಂಗಳುಗಟ್ಟಲೆ ಹೀಗೆ ಮುಂದುವರಿದಾಗ ಕೆಲವರಲ್ಲಿ ಈ ಫ್ಲೋಟ್ ಮಂಕಾಗುತ್ತದೆ. ಟ್ಯಾಂಕ್ ತುಂಬಿ ಹರಿದರೂ ಮೋಟರ್ ಓಡುತ್ತಲೇ ಇರುತ್ತದೆ.

ಇದನ್ನು ಪತ್ತೆ ಮಾಡುವ ಒಂದು ಹಳೇ ವಿಧಾನವಿದೆ. ರಾತ್ರಿ ಡೆಕ್ಸಾಮೆಥಾಸೋನ್ ಎಂಬ, ಕಾರ್ಟಿಸಾಲ್‌ನ ಹಾಗೇ ಕೆಲಸ ಮಾಡುವ ಔಷಧ ಕೊಡುತ್ತಾರೆ. ಮರುದಿನ ದೇಹದ ಸ್ವಂತ ಕಾರ್ಟಿಸಾಲ್ ಇಳಿದಿರಬೇಕು. ತೀವ್ರ ಖಿನ್ನತೆ ಇರುವ ಹಲವರಲ್ಲಿ ಅದು ಇಳಿಯುವುದಿಲ್ಲ.

ಮಾತ್ರೆ ಮಾಡೋದೇನು?

ಮಾತ್ರೆ ನುಂಗಿದ ಕೆಲವು ಗಂಟೆಗಳಲ್ಲೇ ಸೆರೊಟೋನಿನ್‌ನಂಥ ರಾಸಾಯನಿಕಗಳ ಮಟ್ಟ ಬದಲಾಗುತ್ತದೆ. ಮನಸ್ಸು ಹಗುರಾಗೋಕೆ ಮಾತ್ರ ವಾರಗಳು ಬೇಕು. ಹಾಗಾದರೆ ಆ ವಾರಗಳಲ್ಲಿ ಏನಾಗುತ್ತದೆ?

ಇಲಿಗಳಿಗೆ ಅಮಿಟ್ರಿಪ್ಟಿಲಿನ್‌ನಂಥ ಹಳೆಯ ಔಷಧಗಳನ್ನು ವಾರಗಟ್ಟಲೆ ಕೊಟ್ಟಾಗ ಮೆದುಳಿನ ಆ ರಿಸೆಪ್ಟರ್‌ಗಳು ಹೆಚ್ಚಾದವು, ಒತ್ತಡದ ಹಾರ್ಮೋನು ಇಳಿಯಿತು. ಅಂದರೆ ಮಾತ್ರೆ ಮೋಟರಿನ ವೈರ್ ಕೀಳುವುದಿಲ್ಲ, ಫ್ಲೋಟನ್ನು ನಿಧಾನಕ್ಕೆ ರಿಪೇರಿ ಮಾಡುತ್ತದೆ. ಜರ್ಮನಿಯ ಮನೋವೈದ್ಯ ಫ್ಲೋರಿಯನ್ ಹೋಲ್ಸ್‌ಬೋಯರ್ ಮುಂದಿಟ್ಟ ವಾದದ ತಿರುಳು ಇದು. ಚಿಕಿತ್ಸೆಯ ನಂತರ ರೋಗಿ ಮೇಲ್ನೋಟಕ್ಕೆ ಸುಧಾರಿಸಿದ್ದರೂ ಡೆಕ್ಸಾಮೆಥಾಸೋನ್ ಪರೀಕ್ಷೆ ಸರಿಹೋಗದಿದ್ದರೆ, ಕಾಯಿಲೆ ಬೇಗ ಮರುಕಳಿಸುವ ಸಾಧ್ಯತೆ ಹೆಚ್ಚು ಎಂದೂ ಅಧ್ಯಯನಗಳು ಕಂಡುಕೊಂಡಿವೆ. ನಿದ್ದೆ, ಊಟ ಮೊದಲು ಸರಿಹೋಗಬಹುದು, ಒಳಗಿನ ರಿಪೇರಿ ಇನ್ನೂ ನಡೀತಾ ಇರಬಹುದು.

ಆದರೆ ಇದನ್ನೇ ಪೂರ್ಣಸತ್ಯ ಅಂತ ಮಾರಿದರೆ ತಪ್ಪಾಗುತ್ತದೆ. ಖಿನ್ನತೆ ಇರುವ ಎಲ್ಲರಲ್ಲೂ ಕಾರ್ಟಿಸಾಲ್ ಏರಿರುವುದಿಲ್ಲ. ಕಾರ್ಟಿಸಾಲ್ ಇಳಿಯದೆಯೂ ಗುಣವಾದವರಿದ್ದಾರೆ. ಅದನ್ನು ಇಳಿಸೋಕೆ ಮಾತ್ರೆಯೊಂದೇ ದಾರಿಯೂ ಅಲ್ಲ. ನಮ್ಮ ನಿಮ್ಹಾನ್ಸ್ ಸಂಶೋಧಕರು 2013ರಲ್ಲಿ 54 ಹೊರರೋಗಿಗಳ ಅಧ್ಯಯನ ಪ್ರಕಟಿಸಿದರು. ಮಾತ್ರೆ ಮಾತ್ರ ತೆಗೆದುಕೊಂಡವರಿಗಿಂತ ಯೋಗ ಮಾಡಿದ ಗುಂಪುಗಳಲ್ಲಿ ಹೆಚ್ಚು ಜನರ ಕಾರ್ಟಿಸಾಲ್ ಇಳಿದಿತ್ತು. ಅಧ್ಯಯನ ಚಿಕ್ಕದು. ಇದನ್ನು ಹಿಡಿದುಕೊಂಡು 'ಮಾತ್ರೆ ಬಿಸಾಕಿ, ಯೋಗ ಮಾಡಿ' ಅನ್ನುವ ವಾಟ್ಸಾಪ್ ಪಂಡಿತರನ್ನು ನಂಬಬೇಡಿ.

ಹಾಗಂತ ಜೀವನಪೂರ್ತಿ ನುಂಗಬೇಕಾ? ಬ್ರಿಟನ್ನಿನಲ್ಲಿ ದೀರ್ಘಕಾಲ ಮಾತ್ರೆ ತೆಗೆದುಕೊಂಡು, ನಿಲ್ಲಿಸುವಷ್ಟು ಚೆನ್ನಾಗಿದ್ದ 478 ಜನರ ಅಧ್ಯಯನ 2021ರಲ್ಲಿ ಪ್ರಕಟವಾಯಿತು. ಒಂದು ವರ್ಷದೊಳಗೆ, ಮುಂದುವರಿಸಿದವರಲ್ಲಿ ಶೇ 39 ಮಂದಿಗೆ, ಹಂತಹಂತವಾಗಿ ನಿಲ್ಲಿಸಿದವರಲ್ಲಿ ಶೇ 56 ಮಂದಿಗೆ ಖಿನ್ನತೆ ಮರಳಿತು. ಎರಡೂ ಸಂಖ್ಯೆಗಳನ್ನು ಒಟ್ಟಿಗೆ ಓದಿ. ಮಾತ್ರೆ ರಕ್ಷಿಸುತ್ತದೆ, ಆದರೆ ಎಲ್ಲರನ್ನೂ ಅಲ್ಲ. ನಿಲ್ಲಿಸಿಯೂ ಚೆನ್ನಾಗಿರುವವರು ಬೇಕಾದಷ್ಟಿದ್ದಾರೆ. ಸಾಮಾನ್ಯವಾಗಿ ವೈದ್ಯರು ಹೇಳೋದು ಇಷ್ಟು: ಗುಣವಾದ ಮೇಲೂ ಕನಿಷ್ಠ ಆರು ತಿಂಗಳು ಮುಂದುವರಿಸಿ, ಆಮೇಲೆ ಅವರ ಸಲಹೆಯಂತೆ ಡೋಸ್ ಇಳಿಸುತ್ತಾ ಬಿಡಿ. ಒಮ್ಮೆಲೇ ಬಿಡಬೇಡಿ.

ರಿಪೇರಿಗೆ ರಸ್ತೆ ಬೇಕು

ಇಲ್ಲಿಗೆ ವಿಜ್ಞಾನ ಮುಗಿದು ರಾಜಕೀಯ ಶುರುವಾಗುತ್ತದೆ. ರಿಪೇರಿಗೆ ತಿಂಗಳುಗಳು ಬೇಕು ಅಂದರೆ ಮಾತ್ರೆ ತಿಂಗಳುಗಟ್ಟಲೆ ತಪ್ಪದೆ ಸಿಗಬೇಕು. ಕಳಸದಿಂದ ಚಿಕ್ಕಮಗಳೂರಿನ ಜಿಲ್ಲಾಸ್ಪತ್ರೆಗೆ ಸುಮಾರು 90 ಕಿ.ಮೀ. ಮಳೆಗಾಲದಲ್ಲಿ ಮರ ಬಿದ್ದರೆ, ಧರೆ ಕುಸಿದರೆ ಆ ದಿನದ ಬಸ್ಸು ಇಲ್ಲ. ಬಿಸಿಲಿದ್ದರೆ ಕೂಲಿ ಬಿಟ್ಟು ಹೋಗಬೇಕು.

2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆಯ 18ನೇ ಸೆಕ್ಷನ್ ಚಿಕಿತ್ಸೆಯನ್ನು ಹಕ್ಕು ಎನ್ನುತ್ತದೆ. ಅಗತ್ಯ ಔಷಧ ಪಟ್ಟಿಯಲ್ಲಿರುವ ಮಾತ್ರೆಗಳು ಸರ್ಕಾರಿ ಆಸ್ಪತ್ರೆಗಳಲ್ಲಿ ಎಲ್ಲ ಕಾಲಕ್ಕೂ ಉಚಿತವಾಗಿ ಸಿಗಬೇಕು ಎಂದೂ ಹೇಳುತ್ತದೆ. ಆದರೆ ಈ ಖಾತ್ರಿ ಶುರುವಾಗೋದು ಸಮುದಾಯ ಆರೋಗ್ಯ ಕೇಂದ್ರದಿಂದ ಮೇಲಕ್ಕೆ. ಲೈನ್ ಮನೆಗೆ ಹತ್ತಿರವಿರುವ ಪ್ರಾಥಮಿಕ ಆರೋಗ್ಯ ಕೇಂದ್ರ ಅದರಿಂದ ಹೊರಗಿದೆ. ಬಿ.ಪಿ., ಶುಗರ್ ಮಾತ್ರೆಯ ಹಾಗೆ ಇದೂ ಅಲ್ಲೇ ಸಿಗಲಿ, ಮಳೆಗಾಲಕ್ಕೆ ಮುಂಚೆ ಎರಡು ಮೂರು ತಿಂಗಳಿಗಾಗುವಷ್ಟು ಒಟ್ಟಿಗೆ ಕೊಡಲಿ. ಇದಕ್ಕೆ ದೊಡ್ಡ ಯೋಜನೆಯೇನೂ ಬೇಕಿಲ್ಲ. ಸದ್ಯಕ್ಕೆ ಡಾಕ್ಟರ್ ಹತ್ತಿರ ಹೋಗಲಾಗದವರು ಟೆಲಿ ಮಾನಸ್‌ನ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.

ಅಕ್ಕನಿಗೆ ಟ್ಯಾಂಕು, ಫ್ಲೋಟಿನ ಕತೆ ಹೇಳಿದೆ. "ಹಂಗಾದ್ರೆ ಇನ್ನೂ ರಿಪೇರಿ ಆಗ್ತಾ ಉಂಟು ಅನ್ನು" ಅಂದರು. ಮುಂದಿನ ಸಲ ಅವರ ಜೊತೆ ನಾನೂ ಆಸ್ಪತ್ರೆಗೆ ಹೋದೆ. ಎರಡು ತಿಂಗಳ ಮಾತ್ರೆ ಒಟ್ಟಿಗೆ ಬರೆದುಕೊಡಿ ಅಂತ ನಾನು ಕೇಳಿದೆ. ಡಾಕ್ಟರ್ ತಕರಾರಿಲ್ಲದೆ ಬರೆದುಕೊಟ್ಟರು. ವಾಪಸ್ ಬರುವಾಗ ಬಸ್ಸಿನಲ್ಲಿ ಅಕ್ಕ ಕೇಳಿದ್ದು ಒಂದೇ ಮಾತು: "ಇದು ನಾನೇ ಕೇಳಿದ್ರೂ ಕೊಡ್ತಿದ್ರಾ?"