ಜೈವಿಕ ತಂತ್ರಜ್ಞಾನ ಹಾಗೂ ಆಹಾರ ಮತ್ತು ಪೋಷಣಾ ವಿಜ್ಞಾನ ವ್ಯಾಸಂಗ: ಸಾಗರ, ಹೊಸನಗರ ಮತ್ತು ತೀರ್ಥಹಳ್ಳಿ ತಾಲ್ಲೂಕುಗಳ ವಿದ್ಯಾರ್ಥಿಗಳಿಗೆ ಮಾಹಿತಿ

ಜೈವಿಕ ತಂತ್ರಜ್ಞಾನ ಹಾಗೂ ಆಹಾರ ಮತ್ತು ಪೋಷಣಾ ವಿಜ್ಞಾನದ ಪದವಿಗಳನ್ನು ದೂರಶಿಕ್ಷಣದ ಮೂಲಕ ಪಡೆಯಲು ಈಗ ಅವಕಾಶವಿರುವುದಿಲ್ಲ. ವಿಶ್ವವಿದ್ಯಾನಿಲಯ ಧನಸಹಾಯ ಆಯೋಗದ (ಯುಜಿಸಿ) ತೀರ್ಮಾನದಂತೆ, 2025ರ ಜುಲೈ-ಆಗಸ್ಟ್ ಅವಧಿಯಿಂದ ಈ ವಿಷಯಗಳನ್ನು ದೂರಶಿಕ್ಷಣ ಅಥವಾ ಆನ್‌ಲೈನ್ ಕ್ರಮದಲ್ಲಿ ಬೋಧಿಸುವಂತಿಲ್ಲ. ಮನೋವಿಜ್ಞಾನ, ಸೂಕ್ಷ್ಮಜೀವಿ ವಿಜ್ಞಾನ ಮತ್ತು ಪಥ್ಯಾಹಾರ ವಿಜ್ಞಾನಗಳಿಗೂ ಇದು ಅನ್ವಯಿಸುತ್ತದೆ. ಪ್ರಯೋಗಾಲಯ ಹಾಗೂ ಪ್ರಾಯೋಗಿಕ ತರಬೇತಿಯಿಲ್ಲದೆ ಈ ವಿಷಯಗಳ ಕಲಿಕೆ ಪೂರ್ಣವಾಗುವುದಿಲ್ಲ.

ಮನೆಯಲ್ಲಿದ್ದೇ ಪದವಿ ಪಡೆಯಬಹುದೆಂದು ಭಾವಿಸಿದ್ದ ಮಲೆನಾಡಿನ ವಿದ್ಯಾರ್ಥಿಗಳು ಇನ್ನು ಮುಂದೆ ಕಾಲೇಜಿಗೆ ದಾಖಲಾಗಿ ನೇರ ತರಗತಿಗಳಿಗೆ ಹಾಜರಾಗಬೇಕಾಗುತ್ತದೆ. ಇದಕ್ಕೆ ಬೇಕಾದ ಸಿದ್ಧತೆ ಹತ್ತನೇ ತರಗತಿಯ ನಂತರದ ವಿಷಯ ಆಯ್ಕೆಯಿಂದಲೇ ಆರಂಭವಾಗತಕ್ಕದ್ದು. ದೂರಶಿಕ್ಷಣದಲ್ಲಿ ಈ ಪದವಿಗಳಿಗೆ ಪ್ರವೇಶ ಕೊಡಿಸುವುದಾಗಿ ಹೇಳುವವರಿಗೆ ಶುಲ್ಕ ಪಾವತಿಸುವ ಮೊದಲು ಯುಜಿಸಿ ಪ್ರಕಟಣೆಗಳನ್ನು ಪರಿಶೀಲಿಸತಕ್ಕದ್ದು.

ವಿಷಯಗಳ ಪರಿಚಯ

ಜೀವಕೋಶ, ಸೂಕ್ಷ್ಮಜೀವಿ ಹಾಗೂ ವಂಶವಾಹಿಗಳ ಜ್ಞಾನವನ್ನು ಲಸಿಕೆ, ಔಷಧ ಮತ್ತು ಬೆಳೆಗಳಿಗೆ ಬಳಸುವುದೇ ಜೈವಿಕ ತಂತ್ರಜ್ಞಾನ. ಆಹಾರದ ಘಟಕಗಳು, ಸಂರಕ್ಷಣೆ, ಸುರಕ್ಷತೆ ಹಾಗೂ ದೇಹದ ಮೇಲೆ ಅದರ ಪರಿಣಾಮ ಆಹಾರ ಮತ್ತು ಪೋಷಣಾ ವಿಜ್ಞಾನದ ವಸ್ತು. ಆಹಾರ ತಂತ್ರಜ್ಞಾನವು ಸಂಸ್ಕರಣೆ ಮತ್ತು ಯಂತ್ರೋಪಕರಣಗಳಿಗೆ ಹೆಚ್ಚು ಒತ್ತು ನೀಡುತ್ತದೆ. ಹೆಸರುಗಳು ಹತ್ತಿರವಿದ್ದರೂ ಇವು ಬೇರೆ ಬೇರೆ ಪದವಿಗಳು.

ಈ ಮೂರು ತಾಲ್ಲೂಕುಗಳಿಗೆ ಇವು ದೂರದ ವಿಷಯಗಳಲ್ಲ. ಮಂಗನ ಕಾಯಿಲೆಯನ್ನು 1957ರಲ್ಲಿ ಮೊದಲು ಗುರುತಿಸಿದ್ದು ನೆರೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಅರಣ್ಯದಲ್ಲಿ. ಉಣ್ಣೆಗಳಿಂದ ಹರಡುವ ಈ ವೈರಾಣು ರೋಗವು 2018-19ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಭಾಗದಲ್ಲಿ ಜೀವಹಾನಿಗೆ ಕಾರಣವಾಯಿತು. ಹಿಂದಿನ ಲಸಿಕೆಯ ಪರಿಣಾಮ ಸಾಲದೆಂದು ಕಂಡುಬಂದು ಅದರ ಬಳಕೆ ನಿಂತಿತು. ಹೊಸ ಲಸಿಕೆಗಾಗಿ ಕೆಲಸ ನಡೆದಿದೆ. ಅಡಿಕೆಯ ಎಲೆಚುಕ್ಕಿ ರೋಗ, ಅಪ್ಪೆಮಿಡಿ ತಳಿಗಳ ರಕ್ಷಣೆ ಮತ್ತು ಉಪ್ಪಿನಕಾಯಿಯ ಸಂರಕ್ಷಣೆಗೂ ಈ ವಿಜ್ಞಾನಗಳ ನೆರವು ಬೇಕು.

ದ್ವಿತೀಯ ಪಿ.ಯು.ಸಿ. ಹಂತ

ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಮತ್ತು ಜೀವಶಾಸ್ತ್ರ (ಪಿ.ಸಿ.ಎಂ.ಬಿ.) ಸಂಯೋಜನೆಯು ಹೆಚ್ಚಿನ ದಾರಿಗಳನ್ನು ತೆರೆದಿಡುತ್ತದೆ. ಬಿ.ಇ. (ಜೈವಿಕ ತಂತ್ರಜ್ಞಾನ) ಪದವಿಗೆ ಭೌತಶಾಸ್ತ್ರ ಮತ್ತು ಗಣಿತ ಅಗತ್ಯ. ಗಣಿತವನ್ನು ಕೈಬಿಟ್ಟವರಿಗೆ ಈ ದಾರಿ ಮುಚ್ಚಿಹೋಗುತ್ತದೆ, ಬಿ.ಎಸ್ಸಿ. ದಾರಿ ಉಳಿದಿರುತ್ತದೆ.

ವ್ಯಾಸಂಗದ ಮಾರ್ಗಗಳು

1. ಬಿ.ಎಸ್ಸಿ.: ರಾಜ್ಯದಲ್ಲಿ 2024-25ನೇ ಸಾಲಿನಿಂದ ಪದವಿಯ ಅವಧಿ ಪುನಃ 3 ವರ್ಷ. ಸಾಗರದ ಲಾಲ್ ಬಹದ್ದೂರ್ ಕಾಲೇಜು, ತೀರ್ಥಹಳ್ಳಿಯ ತುಂಗಾ ಮಹಾವಿದ್ಯಾಲಯ ಹಾಗೂ ಶಿವಮೊಗ್ಗದ ಸಹ್ಯಾದ್ರಿ ವಿಜ್ಞಾನ ಕಾಲೇಜುಗಳಲ್ಲಿ ವಿಜ್ಞಾನ ವ್ಯಾಸಂಗಕ್ಕೆ ಅವಕಾಶವಿದೆ. ಆಯಾ ವರ್ಷ ಲಭ್ಯವಿರುವ ವಿಷಯ ಸಂಯೋಜನೆಯನ್ನು ಕಾಲೇಜಿನಲ್ಲಿ ವಿಚಾರಿಸತಕ್ಕದ್ದು. 2025ರ ಜುಲೈನಲ್ಲಿ ಅಂಬಾರಗೋಡ್ಲು-ಕಳಸವಳ್ಳಿ ಸೇತುವೆ ತೆರೆದ ನಂತರ ಶರಾವತಿ ಹಿನ್ನೀರಿನಾಚೆಯ ತುಮರಿ ಭಾಗದವರು ಲಾಂಚ್‌ಗೆ ಕಾಯದೆ ಸಾಗರ ತಲುಪಬಹುದಾಗಿದೆ.

2. ಸ್ನಾತಕೋತ್ತರ ಪದವಿ: 1987ರಲ್ಲಿ ಸ್ಥಾಪನೆಯಾದ, ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾನಿಲಯದಲ್ಲಿ ಜೈವಿಕ ತಂತ್ರಜ್ಞಾನ ವಿಭಾಗವಿದೆ. ಆಹಾರ ವಿಜ್ಞಾನ ಮತ್ತು ಪೋಷಣೆಯ ಅಧ್ಯಯನ ವಿಭಾಗ ಮೈಸೂರು ವಿಶ್ವವಿದ್ಯಾನಿಲಯದಲ್ಲಿದೆ. ಮೈಸೂರಿನಲ್ಲೇ ಇರುವ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾ ಸಂಸ್ಥೆ (ಸ್ಥಾಪನೆ 1950) ಆಹಾರ ತಂತ್ರಜ್ಞಾನದ ಪ್ರಮುಖ ಕೇಂದ್ರ.

3. ಕೃಷಿ ಸಂಬಂಧಿತ ಪದವಿಗಳು: ಕೆಳದಿ ಶಿವಪ್ಪ ನಾಯಕ ಕೃಷಿ ಮತ್ತು ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯದ ಮುಖ್ಯ ಆವರಣ ಸಾಗರ ತಾಲ್ಲೂಕಿನ ಇರುವಕ್ಕಿಯಲ್ಲಿದೆ. ಸಸ್ಯ ಜೈವಿಕ ತಂತ್ರಜ್ಞಾನ ಮತ್ತು ಕೊಯ್ಲೋತ್ತರ ನಿರ್ವಹಣೆಯನ್ನು ಕೃಷಿ ಹಾಗೂ ತೋಟಗಾರಿಕೆ ಪದವಿಗಳ ಭಾಗವಾಗಿ ಕಲಿಯಬಹುದು. ಪ್ರವೇಶವು ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಸಾಮಾನ್ಯ ಪ್ರವೇಶ ಪರೀಕ್ಷೆಯ (ಸಿಇಟಿ) ಮೂಲಕ ನಡೆಯುತ್ತದೆ. ಕೃಷಿಕ ಕುಟುಂಬದ ಅಭ್ಯರ್ಥಿಗಳಿಗೆ ಪ್ರತ್ಯೇಕ ಮೀಸಲಾತಿ ಉಂಟು.

ಗ್ರಾಮೀಣ ಮತ್ತು ಕನ್ನಡ ಮಾಧ್ಯಮ ಮೀಸಲಾತಿ

ಸಿಇಟಿ ಸೀಟು ಹಂಚಿಕೆಯಲ್ಲಿ ಗ್ರಾಮೀಣ ಅಭ್ಯರ್ಥಿಗಳಿಗೆ ಶೇ. 15 ಹಾಗೂ ಕನ್ನಡ ಮಾಧ್ಯಮದವರಿಗೆ ಶೇ. 5 ಮೀಸಲಾತಿ ಇದೆ. ಎರಡಕ್ಕೂ 1ರಿಂದ 10ನೇ ತರಗತಿಯವರೆಗಿನ ಪೂರ್ಣ 10 ವರ್ಷಗಳ ವ್ಯಾಸಂಗ ಪರಿಗಣಿಸಲ್ಪಡುತ್ತದೆ.

ಗ್ರಾಮೀಣ ಮೀಸಲಾತಿಗೆ ವಾಸಸ್ಥಳವಲ್ಲ, ಶಾಲೆ ಇರುವ ಸ್ಥಳ ಮುಖ್ಯ. ನಗರಸಭೆ ಹಾಗೂ ಪಟ್ಟಣ ಪಂಚಾಯಿತಿ ಪ್ರದೇಶಗಳು ಗ್ರಾಮೀಣವೆಂದು ಪರಿಗಣಿತವಾಗುವುದಿಲ್ಲ. ಆದುದರಿಂದ ಹಳ್ಳಿಯಲ್ಲಿ ವಾಸವಿದ್ದರೂ ಸಾಗರ, ಹೊಸನಗರ ಅಥವಾ ತೀರ್ಥಹಳ್ಳಿ ಪಟ್ಟಣದ ಶಾಲೆಯಲ್ಲಿ ಒಂದು ವರ್ಷ ಓದಿದ್ದರೂ ಈ ಸೌಲಭ್ಯ ತಪ್ಪಬಹುದು. ಪ್ರೌಢಶಾಲೆಗೆ ಮಕ್ಕಳನ್ನು ಪಟ್ಟಣಕ್ಕೆ ಸೇರಿಸುವ ಮುನ್ನ ಪೋಷಕರು ಇದನ್ನು ಗಮನಿಸುವುದು ಒಳಿತು.

ಅಗತ್ಯ ದಾಖಲೆಗಳು

• ಎಸ್.ಎಸ್.ಎಲ್.ಸಿ. ಮತ್ತು ಪಿ.ಯು.ಸಿ. ಅಂಕಪಟ್ಟಿ
• ಕ್ಷೇತ್ರ ಶಿಕ್ಷಣಾಧಿಕಾರಿಗಳ ಮೇಲುಸಹಿಯುಳ್ಳ ವ್ಯಾಸಂಗ ಪ್ರಮಾಣಪತ್ರ
• ನಾಡಕಚೇರಿ ಮೂಲಕ ಪಡೆದ ಜಾತಿ ಮತ್ತು ಆದಾಯ ಪ್ರಮಾಣಪತ್ರ (ಅದರ ಆರ್.ಡಿ. ಸಂಖ್ಯೆ ಅರ್ಜಿಗೆ ಬೇಕಾಗುತ್ತದೆ)
• ಆಧಾರ್ ಜೋಡಣೆಯಾದ ಬ್ಯಾಂಕ್ ಖಾತೆಯ ವಿವರ

ವಿದ್ಯಾರ್ಥಿವೇತನಕ್ಕೆ ರಾಜ್ಯ ವಿದ್ಯಾರ್ಥಿವೇತನ ತಂತ್ರಾಂಶದಲ್ಲಿ (ಎಸ್.ಎಸ್.ಪಿ.) ಅರ್ಜಿ ಸಲ್ಲಿಸತಕ್ಕದ್ದು. ಊರು ಬಿಟ್ಟು ಓದುವ ಹಿಂದುಳಿದ ವರ್ಗಗಳ ಅರ್ಹ ವಿದ್ಯಾರ್ಥಿಗಳಿಗೆ ಸರ್ಕಾರಿ ವಿದ್ಯಾರ್ಥಿನಿಲಯದಲ್ಲಿ ಸ್ಥಳ ದೊರೆಯದಿದ್ದಲ್ಲಿ ವಿದ್ಯಾಸಿರಿ ಯೋಜನೆಯಡಿ ಊಟ ಮತ್ತು ವಸತಿ ಸಹಾಯ ಲಭ್ಯವಿದೆ.

ಉದ್ಯೋಗ ಸಂಬಂಧಿತ ಸೂಚನೆ

ಪದವಿಯ ಹೆಸರು ಉದ್ಯೋಗದ ಅರ್ಹತೆಯನ್ನು ನಿರ್ಧರಿಸಬಹುದು. ಉದಾಹರಣೆಗೆ, ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ, 2006ರಡಿ ನೇಮಕವಾಗುವ ಆಹಾರ ಸುರಕ್ಷತಾ ಅಧಿಕಾರಿ ಹುದ್ದೆಗೆ ನಿಯಮಗಳಲ್ಲಿ ಪದವಿಗಳನ್ನು ಹೆಸರಿಸಲಾಗಿದೆ. ಜೈವಿಕ ತಂತ್ರಜ್ಞಾನ ಮತ್ತು ಆಹಾರ ತಂತ್ರಜ್ಞಾನ ಅವುಗಳಲ್ಲಿ ಸೇರಿವೆ. ಕೋರ್ಸಿಗೆ ಸೇರುವ ಮುನ್ನವೇ, ಪಡೆಯಲಿರುವ ಪದವಿಯ ನಿಖರ ಹೆಸರನ್ನು ಉದ್ದೇಶಿತ ಹುದ್ದೆಯ ನಿಯಮಗಳೊಂದಿಗೆ ಹೋಲಿಸಿ ನೋಡತಕ್ಕದ್ದು.

ಪ್ರವೇಶದ ದಿನಾಂಕ, ಶುಲ್ಕ ಮತ್ತು ಮೀಸಲಾತಿ ನಿಯಮಗಳು ಪ್ರತಿ ವರ್ಷ ಪರಿಷ್ಕರಣೆಗೆ ಒಳಪಡುತ್ತವೆ. ಅಭ್ಯರ್ಥಿಗಳು ಆಯಾ ಸಾಲಿನ ಅಧಿಕೃತ ಮಾಹಿತಿ ಪುಸ್ತಿಕೆಯನ್ನು ಓದಿದ ನಂತರವೇ ಅರ್ಜಿ ಸಲ್ಲಿಸತಕ್ಕದ್ದು.