61 ದಿನದ ರಜೆ ಮುಗಿಸಿ ಬೋಟು ಕಡಲಿಗಿಳಿಯುವ ಮುನ್ನ

ನಮ್ಮ ಬೈರಿದೇವರಕೊಪ್ಪದಿಂದ ಕಾರವಾರಕ್ಕೆ ಸುಮಾರು 165 ಕಿಲೋಮೀಟರ್. ಇಲ್ಲಿಯವರಿಗೆ ಸಮುದ್ರ ಅಂದ್ರೆ ಒಂದೋ ಗೋಕರ್ಣದ ಟ್ರಿಪ್ಪು, ಇಲ್ಲಾ ತಟ್ಟೆಯಲ್ಲಿನ ಬಂಗಡೆ. ಜೂನ್ ಬಂತಂದ್ರೆ ಬಂಗಡೆ ರೇಟು ಏರ್ತದೆ, ನಾವು ಗೊಣಗ್ತೀವಿ. ಆ ಎರಡು ತಿಂಗಳು ಬೋಟುಗಳು ಏನು ಮಾಡ್ತಿರ್ತಾವೆ ಅಂತ ಕೇಳೋದಿಲ್ಲ.

ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ, ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ಪೂರ್ವ ಕರಾವಳಿಯಲ್ಲಿ ಇದೇ 61 ದಿನ ಏಪ್ರಿಲ್ 15ರಿಂದ ಜೂನ್ 14ರವರೆಗೆ ಇರುತ್ತದೆ. ಮಳೆಗಾಲದಲ್ಲಿ ಬಹಳಷ್ಟು ಮೀನುಗಳು ಮೊಟ್ಟೆ ಇಡುತ್ತವೆ, ಕಡಲೂ ಅಬ್ಬರದಲ್ಲಿರುತ್ತದೆ. ನಮ್ಮ ರಾಜ್ಯದಲ್ಲಿ 10 ಎಚ್‌ಪಿವರೆಗಿನ ಮೋಟಾರು ಕಟ್ಟಿದ ನಾಡದೋಣಿಗಳಿಗೆ ಮಾತ್ರ ವಿನಾಯಿತಿ.

ನಾಡದೋಣಿಯ ಮೋಟಾರು ಹಿಂಬದಿಗೆ ನೇತಾಡುತ್ತದೆ, ಬಿಚ್ಚಿ ಮನೆಗೆ ಒಯ್ಯಬಹುದು. ಟ್ರಾಲ್ ಬೋಟಿನ ಡೀಸೆಲ್ ಎಂಜಿನ್ ಹಾಗಲ್ಲ, ಅದು ಬೋಟಿನ ಹೊಟ್ಟೆಯೊಳಗೇ ಕೂತಿರುತ್ತದೆ. ಅದರ ಶಾಫ್ಟು ನೀರಿನ ಮಟ್ಟಕ್ಕಿಂತ ಕೆಳಗೆ, ಬೋಟಿನ ತಳದಲ್ಲಿ ಕೊರೆದ ತೂತಿನ ಮೂಲಕ ಹೊರಬಂದು ಪ್ರೊಪೆಲ್ಲರ್ ತಿರುಗಿಸುತ್ತದೆ. ಎಂಜಿನ್ ತಣ್ಣಗಾಗಲು ಬೇಕಾದ ನೀರೂ ತಳದ ಇನ್ನೊಂದು ತೂತಿನಿಂದಲೇ ಬರಬೇಕು. ಇಂಥ ಬೋಟನ್ನು ಮತ್ತೆ ಕಡಲಿಗೆ ಕಳಿಸೋದು ಎರಡು ತಿಂಗಳು ನಿಂತ ಬೈಕಿಗೆ ಕಿಕ್ ಹೊಡೆದಷ್ಟು ಸುಲಭ ಅಲ್ಲ.

ನನ್ನ ಆಫೀಸಿನ ಗೆಳೆಯನ ಅಪ್ಪನದು ಕಾರವಾರದ ಬೈತಖೋಲ್ ಬಂದರಿನಲ್ಲಿ ಒಂದು ಮರದ ಟ್ರಾಲ್ ಬೋಟ್ ಇದೆ. ನಾನು ಅವರನ್ನು ಕಾಕಾ ಅಂತೀನಿ. ಕಳೆದ ಜುಲೈ ಕೊನೆಯ ವಾರ ಲ್ಯಾಪ್‌ಟಾಪ್ ಹೊತ್ತುಕೊಂಡು ಅವರ ಮನೆಗೆ ಹೋಗಿದ್ದೆ. ಬೆಳಿಗ್ಗೆ ಮೀಟಿಂಗು, ಸಂಜೆ ಬಂದರು.

ಇಲ್ಲಿ ಶತ್ರು ಚಳಿಯಲ್ಲ, ಮಳೆ

ಯುರೋಪು, ಅಮೆರಿಕದ ಕಡೆ ಬೋಟುಗಳಿಗೆ ಚಳಿಗಾಲದ ರಜೆ. ಎಂಜಿನ್ನಿನೊಳಗೆ ಉಳಿದ ನೀರು ಹೆಪ್ಪುಗಟ್ಟಿದರೆ ಶೇ. 9ರಷ್ಟು ಹಿಗ್ಗಿ ಬ್ಲಾಕನ್ನೇ ಸೀಳಬಹುದು. ನಮ್ಮಲ್ಲಿ ಆ ಭಯವಿಲ್ಲ. ನಮ್ಮ ತೊಂದರೆ ಮಳೆನೀರು, ತೇವ ಮತ್ತು ಉಪ್ಪು.

"ಸಿಹಿನೀರು ನಿಂತ ಕಡೆ ಮರ ಕೊಳೀತದೆ ನೋಡು ತಮ್ಮಾ. ಉಪ್ಪುನೀರು ಹಾಗೆ ಕೊಳೆಸೂದಿಲ್ಲ" ಅಂದರು ಕಾಕಾ. ಮರ ತಿನ್ನುವ ಶಿಲೀಂಧ್ರ ಉಪ್ಪಿನಲ್ಲಿ ಸರಿಯಾಗಿ ಬೆಳೆಯೋದಿಲ್ಲ. ಹಾಗಾಗಿ ಟಾರ್ಪಾಲು ತೆಗೆದ ತಕ್ಷಣ ಅವರು ಮೊದಲು ನೋಡಿದ್ದು ಎಂಜಿನ್ನನ್ನಲ್ಲ, ಡೆಕ್ಕಿನ ಮೂಲೆಗಳನ್ನು. ಸ್ಕ್ರೂಡ್ರೈವರ್ ಮೊನೆಯಿಂದ ಅಲ್ಲಲ್ಲಿ ಚುಚ್ಚಿದರು. ಮೆತ್ತಗೆ ಒಳಗೆ ಹೋದರೆ ಆ ಹಲಗೆ ಬದಲಿಸಲೇಬೇಕು.

ನಂತರ ತಳ. ಅಂಟಿಕೊಂಡ ಚಿಪ್ಪುಗಳನ್ನೆಲ್ಲ ಕೆರೆದು, ಹಲಗೆಗಳ ಸಂದಿಗೆ ಹತ್ತಿ ತುಂಬಿ, ಮೇಲೆ ತಾಮ್ರದ ಅಂಶವಿರುವ ಬಣ್ಣ ಬಳಿದರು. ಆ ಬಣ್ಣಕ್ಕೆ ಚಿಪ್ಪುಜೀವಿಗಳು ಸುಲಭಕ್ಕೆ ಅಂಟೋದಿಲ್ಲ. ತಳ ಒರಟಾದರೆ ಅದೇ ದೂರಕ್ಕೆ ಜಾಸ್ತಿ ಡೀಸೆಲ್ ಬೇಕು.

ಬಣ್ಣ ಬಳಿಯದೆ ಬಿಡುವ ಜಾಗವೂ ಒಂದಿದೆ: ಪ್ರೊಪೆಲ್ಲರ್ ಹತ್ತಿರದ ಸತುವಿನ ತುಂಡುಗಳು. ಉಪ್ಪುನೀರಿನಲ್ಲಿ ಬೇರೆ ಬೇರೆ ಲೋಹಗಳು ಒಟ್ಟಿಗಿದ್ದರೆ ಅದೊಂದು ಬ್ಯಾಟರಿ ಆಗ್ತದೆ, ಒಂದು ಲೋಹ ಕರಗ್ತಾ ಹೋಗ್ತದೆ. ಸತು ತಾನು ಮೊದಲು ಕರಗಿ ಪ್ರೊಪೆಲ್ಲರನ್ನೂ ಶಾಫ್ಟನ್ನೂ ಉಳಿಸುತ್ತದೆ. ಅರ್ಧ ಸವೆದಿದ್ದರೆ ಹೊಸದು ಹಾಕಬೇಕು. ಬಣ್ಣ ಬಳಿದರೆ ಅದು ಇದ್ದೂ ಇಲ್ಲದಂತೆ.

ಎಂಜಿನ್ನಿಗೆ ಬೇಕಾದ್ದು ಮೂರು

ಶುದ್ಧ ಡೀಸೆಲ್, ಒಳ್ಳೆಯ ಆಯಿಲ್, ತಣ್ಣೀರು.

ಅರ್ಧ ತುಂಬಿದ ಟ್ಯಾಂಕಿನೊಳಗಿನ ತೇವದ ಗಾಳಿ ಹನಿಯಾಗಿ ತಳಕ್ಕೆ ಸೇರುತ್ತದೆ. ಆ ನೀರು ಮತ್ತು ಡೀಸೆಲ್ ಸೇರುವ ಜಾಗದಲ್ಲಿ ಸೂಕ್ಷ್ಮಜೀವಿ ಬೆಳೆದು ಲೋಳೆ ಕಟ್ಟುತ್ತದೆ. ಅಲೆಯಲ್ಲಿ ಬೋಟು ಕುಲುಕಿದಾಗ ಆ ಲೋಳೆ ಫಿಲ್ಟರಿಗೆ ಹೋಗಿ ಕೂತರೆ ಎಂಜಿನ್ ಬಂದ್. ಅದಕ್ಕೇ ಟ್ಯಾಂಕಿನ ತಳದ ನಲ್ಲಿ ಬಿಚ್ಚಿ ಶುದ್ಧ ಡೀಸೆಲ್ ಬರುವ ತನಕ ಹೊರಗೆ ಬಿಟ್ಟರು. ಫಿಲ್ಟರ್ ಬದಲಿಸಿ, ಹ್ಯಾಂಡ್ ಪಂಪಿನಿಂದ ಲೈನಿನಲ್ಲಿದ್ದ ಗಾಳಿ ತೆಗೆದರು.

ಹಳೆ ಆಯಿಲಿನಲ್ಲಿ ಆಮ್ಲ ಇರುತ್ತದೆ, ಅದಕ್ಕೆ ಕಾಕಾ ಅದನ್ನು ಮೇ ಕೊನೆಯಲ್ಲೇ ಬದಲಿಸಿ ಎಂಜಿನ್ ನಿಲ್ಲಿಸಿದ್ದರು. ಈಗ ಡಿಪ್‌ಸ್ಟಿಕ್ ಎತ್ತಿ ಬಣ್ಣ ನೋಡಿದರು. ಹಾಲು ಬೆರೆಸಿದ ಕಾಫಿಯ ಹಾಗಿದ್ದರೆ ನೀರು ಸೇರಿದೆ ಅಂತ ಅರ್ಥ, ಸ್ಟಾರ್ಟ್ ಮಾಡಲೇಬಾರದು.

ಕಡಲ ನೀರನ್ನು ಎಳೆಯುವ ಪಂಪಿನೊಳಗೆ ರಬ್ಬರಿನ ಇಂಪೆಲ್ಲರ್ ಇದೆ. ಎರಡು ತಿಂಗಳು ಒಂದೇ ಭಂಗಿಯಲ್ಲಿ ಬಾಗಿ ಕೂತ ಎಸಳುಗಳು ಹಾಗೇ ಸೆಡೆತು ಸೀಳು ಬಿಡುತ್ತವೆ. ಹೊಸದು ಹಾಕೋದೇ ವಾಸಿ. ಹಳೆಯದರಲ್ಲಿ ಒಂದು ಎಸಳು ತುಂಡಾಗಿದ್ದರೆ ಆ ತುಂಡನ್ನು ಹುಡುಕಿ ತೆಗೆಯಬೇಕು, ಇಲ್ಲಾಂದ್ರೆ ಅದು ಮುಂದೆಲ್ಲೋ ಸಿಕ್ಕಿ ನೀರನ್ನೇ ತಡೆಯುತ್ತದೆ. ಮೊದಲ ಸಲ ಸ್ಟಾರ್ಟ್ ಮಾಡಿದಾಗ ಎಲ್ಲರ ಕಣ್ಣು ಹೊರಗಿನ ಪೈಪಿನ ಮೇಲೆ. ನೀರು ಬರಲಿಲ್ಲ ಅಂದ್ರೆ ತಕ್ಷಣ ಆಫ್.

ಬೋಟು ನೀರಿಗಿಳಿದ ಮೇಲೆ ಇನ್ನೊಂದು ಕೆಲಸ

ಶಾಫ್ಟು ಹೊರಹೋಗುವ ತೂತಿನಲ್ಲಿ ಗ್ರೀಸು ಹಚ್ಚಿದ ಹಗ್ಗದಂಥ ಪ್ಯಾಕಿಂಗ್ ಇರುತ್ತದೆ. ಶಾಫ್ಟು ತಿರುಗುವಾಗ ಅಲ್ಲಿಂದ ನಿಮಿಷಕ್ಕೆ ಕೆಲವು ಹನಿ ನೀರು ಒಳಗೆ ತೊಟ್ಟಿಕ್ಕಬೇಕು. ಹನಿಯೇ ಇಲ್ಲ ಅಂದ್ರೆ ತುಂಬಾ ಬಿಗಿಯಾಗಿದೆ, ಶಾಫ್ಟು ಬಿಸಿಯಾಗಿ ಸವೆಯುತ್ತದೆ. ಧಾರೆಯಾಗಿ ಬಂದರೆ ಸಡಿಲ.

ಮರದ ಹಲಗೆ ನೀರಿನಲ್ಲಿ ಉಬ್ಬುತ್ತದೆ, ಬೋಟಿನ ಆಕಾರವೂ ತುಸು ಬದಲಾಗುತ್ತದೆ. ದಡದ ಮೇಲೆ ನೇರವಾಗಿದ್ದ ಶಾಫ್ಟು ನೀರಿನಲ್ಲಿ ನೇರ ಇರಬೇಕಂತಿಲ್ಲ. ಅದಕ್ಕೇ ಒಂದೆರಡು ದಿನ ನೀರಿನಲ್ಲಿ ನಿಲ್ಲಿಸಿ, ಆಮೇಲೆ ಗೇರ್‌ಬಾಕ್ಸ್ ಮತ್ತು ಶಾಫ್ಟು ಕೂಡುವ ಕಪ್ಲಿಂಗ್ ಬಿಚ್ಚಿ, ಸುತ್ತಲಿನ ಸಂದನ್ನು ಫೀಲರ್ ಗೇಜಿನಿಂದ ಅಳೀಬೇಕು.

ಜುಲೈ 31ರ ಸಂಜೆ ಅಳೆದಾಗ ಮೇಲಿನ ಸಂದಿಗೂ ಕೆಳಗಿನ ಸಂದಿಗೂ ವ್ಯತ್ಯಾಸ ಇತ್ತು. ಒಡಿಶಾದಿಂದ ಬಂದ ಕಲಾಸಿಗಳು ಸಿದ್ಧರಿದ್ದರು, ಮಂಜುಗಡ್ಡೆಗೆ ಹೇಳಿಯಾಗಿತ್ತು. ಸೀಸನ್ನಿನ ಮೊದಲ ಮೀನಿಗೆ ಒಳ್ಳೆ ರೇಟು, ಮೇಲೆ ಬೋಟಿನ ಸಾಲದ ಕಂತು. "ಒಂದು ಟ್ರಿಪ್ ಮುಗಿಸಿ ಬಂದು ನೋಡೋಣ" ಅಂದರು ಕಾಕಾ.

ತಾಂಡೇಲ ಒಪ್ಪಲಿಲ್ಲ. ಹಿಂದೆ ಬೇರೆಯವರ ಬೋಟಿನಲ್ಲಿದ್ದಾಗ ಇಂಥದ್ದೇ ಶಾಫ್ಟಿನ ಬೇರಿಂಗ್ ಸುಟ್ಟು, ರಾತ್ರಿಯಿಡೀ ಗಾಳಿಗೆ ತೇಲಿದ್ದರಂತೆ. ಮರುದಿನ ಇನ್ನೊಂದು ಬೋಟು ತನ್ನ ಬಲೆ ಎಳೆದುಕೊಂಡು ಬಂದು ಇವರನ್ನು ದಡಕ್ಕೆ ತಂದಿತಂತೆ. "ಲುಕ್ಸಾನು ಎರಡು ಬೋಟಿಗೆ ಆಯ್ತು. ಸರಿ ಮಾಡಿ, ಇಲ್ಲ ಬೇರೆ ತಾಂಡೇಲನ್ನ ನೋಡಿಕೊಳ್ಳಿ."

ಕಾಕಾ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಮೆಕ್ಯಾನಿಕ್ಕಿಗೆ ಫೋನ್ ಮಾಡಿದರು. ಎಂಜಿನ್ನಿನ ಬೋಲ್ಟು ಸಡಿಲಿಸಿ, ಕೆಳಗೆ ತೆಳ್ಳನೆ ತಗಡು ಕೊಟ್ಟು, ಮತ್ತೆ ಅಳೆದು ಸರಿಮಾಡಲು ಒಂದೂವರೆ ದಿನ ಹಿಡೀತು. ಆಗಸ್ಟ್ 1ಕ್ಕೆ ಪಕ್ಕದ ಬೋಟುಗಳು ಹೊರಟಿದ್ದನ್ನು ಅವರು ದಡದಲ್ಲಿ ನಿಂತು ನೋಡಿದರು. ಅವರ ಬೋಟು ಹೊರಟದ್ದು 3ರ ನಸುಕಿನಲ್ಲಿ.

ಹೊರಡುವ ಮುನ್ನ ಕೊನೆಯ ನೋಟ

ಲೈಫ್ ಜಾಕೆಟ್ ಎಲ್ಲರಿಗೂ ಇವೆಯಾ, ತಳದ ನೀರು ಎತ್ತುವ ಪಂಪು ಓಡ್ತದಾ, ಬ್ಯಾಟರಿ, ವಿಎಚ್‌ಎಫ್ ರೇಡಿಯೋ, ಅಗ್ನಿಶಾಮಕ ಸಿಲಿಂಡರ್ ಎಲ್ಲ ಸರಿಯಿವೆಯಾ, ಕೋಸ್ಟ್ ಗಾರ್ಡಿನ 1554 ನಂಬರ್ ಎಲ್ಲರಿಗೂ ಗೊತ್ತಾ. 2018ರ ಡಿಸೆಂಬರಿನಲ್ಲಿ ಮಲ್ಪೆಯಿಂದ ಏಳು ಮಂದಿಯೊಂದಿಗೆ ಹೊರಟ ಸುವರ್ಣ ತ್ರಿಭುಜ ಬೋಟು ವಾಪಸ್ ಬರಲಿಲ್ಲ, ಅದರ ಅವಶೇಷ ಪತ್ತೆಯಾದದ್ದು 2019ರ ಮೇನಲ್ಲಿ. ಕರಾವಳಿಯ ಮನೆಗಳು ಅದನ್ನು ಮರೆತಿಲ್ಲ. ಮೊಬೈಲ್ ನೆಟ್‌ವರ್ಕ್ ಇಲ್ಲದ ಕಡೆಯಿಂದಲೂ ಉಪಗ್ರಹದ ಮೂಲಕ ಸಂದೇಶ ಕಳಿಸುವ, ಇಸ್ರೋ ರೂಪಿಸಿದ ಟ್ರಾನ್ಸ್‌ಪಾಂಡರ್‌ಗಳನ್ನು ಈಗ ಬೋಟುಗಳಿಗೆ ಹಾಕ್ತಿದ್ದಾರೆ. ನಿಮ್ಮ ಪರಿಚಯದವರ ಬೋಟಿನಲ್ಲಿ ಇದೆಯಾ ಅಂತ ಒಮ್ಮೆ ಕೇಳ್ರಿ.

ನಾವು ಸಾಫ್ಟ್‌ವೇರ್ ಮಂದಿಗೆ ರಿಲೀಸ್ ಕೆಟ್ಟರೆ ಹಿಂದಿನ ವರ್ಷನ್ ಹಾಕುವ ಅನುಕೂಲ ಇದೆ. ನಡುಗಡಲಿನಲ್ಲಿ ಅದಿಲ್ಲ. ಆಗಸ್ಟ್ ಮೊದಲ ವಾರ ಬಂಗಡೆ ಇನ್ನೂ ಯಾಕೆ ಬಂದಿಲ್ಲ ಅಂತ ಕೇಳುವಾಗ, ಯಾವುದೋ ಬಂದರಿನಲ್ಲಿ ಯಾರೋ ಫೀಲರ್ ಗೇಜ್ ಹಿಡಿದು ಕೂತಿರಬಹುದು. ಎರಡು ದಿನ ಕಾಯೋಣ.